ಮೊರೀನ್ ಮುಂಗೋಣೆ ತೆರೆದ ಚಳಿಗಾಲ

ಬ್ಯಾಟ್ಲಿ ಊರಿನಲ್ಲಿ ಮೊರೀನ್ ಸೈಕ್ಸ್ ಎಂದರೆ ಜನಕ್ಕೆ ಮೊದಲು ನೆನಪಾಗುವುದು ಎಳೆಗೂಸುಗಳು. ಒಂದನ್ನೂ ಅವಳು ಹೆತ್ತದ್ದಲ್ಲ. ಹೆತ್ತವರ ಬಳಿ ಇರಲಾಗದ, ಮುಂದೆ ಎಲ್ಲಿಗೆಂದು ಇನ್ನೂ ತೀರ್ಮಾನವಾಗದ ಕೂಸುಗಳನ್ನು ಮಕ್ಕಳ ಕಚೇರಿಯವರು ತಂದು ಅವಳ ಮಡಿಲಿಗೆ ಹಾಕಿ ಹೋಗುತ್ತಿದ್ದರು. ಕೆಲವು ವಾರಗಟ್ಟಲೆ ಇದ್ದವು, ಕೆಲವು ಹಲ್ಲು ಬರುವ ತನಕ, ಒಂದೆರಡು ಗೋಡೆ ಹಿಡಿದು ನಡೆಯುವ ತನಕ. ಅವಳ ಗಂಡ ಟ್ರೆವರ್ ಬಸ್ ಓಡಿಸಿ ನಿವೃತ್ತನಾದವನು. “ನನ್ ಬಸ್ಸಿಗಿಂತ ಜಾಸ್ತಿ ಜನ ನಿನ್ ತೊಡೆ ಹತ್ತಿ ಇಳ್ದಿದ್ದಾರೆ ಕಣೇ. ಒಬ್ರೂ ಟಿಕೆಟ್ ತಗೊಂಡಿಲ್ಲ,” ಎಂದು ಚುಡಾಯಿಸುತ್ತಿದ್ದ. ಮೊರೀನ್ ಅದಕ್ಕೆ, “ನಿನ್ ಬಸ್ಸಲ್ಲಿ ವಾಂತಿ ಮಾಡ್ಕೊಂಡೋರು ಟಿಕೆಟ್ ತಗೊಂಡಿದ್ರು, ಅಷ್ಟೇ ವ್ಯತ್ಯಾಸ,” ಎನ್ನುತ್ತಿದ್ದಳು.

ಹುಡುಗಿಯಾಗಿದ್ದಾಗ ಅವಳು ಬಿಸ್ಕತ್ತಿನ ಕಾರ್ಖಾನೆಯಲ್ಲಿ ಡಬ್ಬಿ ತುಂಬುತ್ತಿದ್ದಳು. ಆ ಕೈಚುರುಕು ಹೋಗಿರಲಿಲ್ಲ. ಒಂದು ಕೈಯಲ್ಲಿ ಕೂಸು, ಇನ್ನೊಂದರಲ್ಲಿ ಬಾಟಲಿ, ಮೊಣಕೈಯಲ್ಲಿ ಬಾಗಿಲು. ಕೂಸು ಹೊರಡುವ ದಿನ ಬಂದರೆ ಅದಕ್ಕೆ ಎಂಥ ಹಾಡು ಹೇಳಿದರೆ ನಿದ್ದೆ, ಹೊಟ್ಟೆ ಉಬ್ಬರಿಸಿದರೆ ಹೇಗೆ ಹೆಗಲ ಮೇಲೆ ಹಾಕಿಕೊಳ್ಳಬೇಕು ಎಂದೆಲ್ಲ ಹೊಸಬರಿಗೆ ಹೇಳಿಕೊಟ್ಟು, ಬಾಗಿಲಲ್ಲಿ ನಿಂತು ಕೈ ಬೀಸಿ, ಒಳಗೆ ಬಂದು ಒಲೆ ತಿಕ್ಕುತ್ತಿದ್ದಳು. ಹಿಂದಿನ ದಿನವಷ್ಟೇ ತಿಕ್ಕಿದ ಒಲೆಯಾದರೂ ತಿಕ್ಕುತ್ತಿದ್ದಳು. ಟ್ರೆವರ್ ಚಹಾ ಮಾಡಿ ಪಕ್ಕದಲ್ಲಿಟ್ಟು ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದ. ಮಾತಾಡಿದರೆ ಅವಳು ಅಳುತ್ತಾಳೆ, ಅವಳು ಅತ್ತರೆ ತಾನೂ ಅಳಬೇಕಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಇಷ್ಟಾದ ಮೇಲೂ ಕಚೇರಿಯಿಂದ ಮತ್ತೊಂದು ಫೋನ್ ಬಂದರೆ ಅವಳ ಬಾಯಿಂದ ಬರುತ್ತಿದ್ದುದು “ಕರ್ಕೊಂಡು ಬನ್ನಿ” ಎಂಬ ಮಾತೇ. ಆ ಒಂದು ಮಾತಿಗಾಗಿ ಟ್ರೆವರ್ ಅವಳಿಗೆ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದ. ಬಾಯಿಬಿಟ್ಟು ಹೇಳುವ ಜಾತಿಯ ಮನುಷ್ಯ ಅವನಲ್ಲ.

ಆ ವರ್ಷ ನವೆಂಬರಿನಲ್ಲಿ ಮೊದಲ ಹಿಮ ಕಟ್ಟಿದ ವಾರ ಅಡುಗೆಮನೆಯ ಗೂಡಿನಲ್ಲಿದ್ದು ಮನೆಯನ್ನೆಲ್ಲ ಬೆಚ್ಚಗಿಡುತ್ತಿದ್ದ ಹಳೆಯ ಗ್ಯಾಸ್ ಬಾಯ್ಲರ್ ಗೊರಗೊರ ಸದ್ದು ಮಾಡಿ ಪ್ರಾಣ ಬಿಟ್ಟಿತು. ಅದೇ ವಾರ ಕಚೇರಿಯ ಜನೀನ್ ಮನೆಗೆ ಬಂದಳು. ಆಸ್ಪತ್ರೆಯಲ್ಲಿ ತಿಂಗಳು ತುಂಬುವ ಮೊದಲೇ ಹುಟ್ಟಿದ ಗಂಡುಕೂಸೊಂದಿತ್ತು. ತಾಯಿ ಷೆಲ್ಬಿ, ಇನ್ನೂ ಹುಡುಗಿ. ತಾನೂ ಪರರ ಮನೆಗಳಲ್ಲೇ ಬೆಳೆದವಳು, ಈಗ ಮೇಲಿನ ಬೀದಿಯ ವಸತಿಗೃಹದಲ್ಲಿ ಒಂದು ಹಾಸಿಗೆಯಷ್ಟೇ ಅವಳ ಪಾಲಿಗೆ. ಮಗುವನ್ನು ಅವಳಿಗೆ ಕೊಡಬೇಕೋ ಬೇಡವೋ ಎಂದು ನ್ಯಾಯಾಧೀಶರು ವಸಂತದಲ್ಲಿ ತೀರ್ಮಾನಿಸುತ್ತಾರೆ. ಅಲ್ಲಿಯ ತನಕ ಅವಳು ತಪ್ಪದೆ ಬಂದು ಮಗುವನ್ನು ಎತ್ತಿ ಆಡಿಸಿ ಹೋಗಬೇಕು, ಅದನ್ನೇ ಎಲ್ಲರೂ ನೋಡುತ್ತಿರುತ್ತಾರೆ.

“ನಿಮ್ಮನೇಲಿದ್ರೆ ಅವಳು ನಡ್ಕೊಂಡು ಬರ್ತಾಳೆ,” ಎಂದಳು ಜನೀನ್. “ನೀವು ಬಿಟ್ರೆ ಇಷ್ಟು ಚಿಕ್ಕ ಮಗೂನ ತಗೊಳ್ಳೋರು ಇರೋದು ಸ್ಕಾರ್‌ಬರೋದಲ್ಲಿ, ಸಮುದ್ರದ ದಡದಲ್ಲಿ. ಅಲ್ಲಿಗೆ ಹೋಗಿಬರೋಕೆ ಅವಳಿಗೆ ದಿನವೆಲ್ಲ ಬೇಕು. ಒಂದ್ಸಲ ಹೋಗ್ತಾಳೆ, ಎರಡ್ಸಲ ಹೋಗ್ತಾಳೆ. ಆಮೇಲೆ ಆಗಲ್ಲ ಮೊರೀನ್. ಹಾಗೆ ಮಕ್ಕಳನ್ನ ಕಳ್ಕೊಂಡೋರನ್ನ ನಾನು ನೋಡಿದೀನಿ.”

“ಇಲ್ಲಿಗೇ ಕರ್ಕೊಂಡು ಬನ್ನಿ.”

“ಬರ್ತೀನಿ. ಆದ್ರೆ ಮನೆ ಒಂದೇ ಹದದಲ್ಲಿ ಬೆಚ್ಚಗಿರಬೇಕು. ಬೆಳಗ್ಗೆ ಐಸ್, ಸಂಜೆ ಕುಲುಮೆ ಅಂದ್ರೆ ಈ ಮಗೂಗೆ ಆಗಲ್ಲ. ಅದರ ಮೈಗೆ ತನ್ನ ಬಿಸಿ ತಾನೇ ಕಾಪಾಡ್ಕೊಳ್ಳೋ ಶಕ್ತಿ ಇನ್ನೂ ಬಂದಿಲ್ಲ. ಹೊಸ ಬಾಯ್ಲರ್ ಹಾಕಿಸಿ, ನಾನು ಬಂದು ನೋಡ್ತೀನಿ.”

ಬಾಯ್ಲರ್ ಹಾಕಲು ಬಂದವನು ಯೂನುಸ್ ಲೂನತ್. ಅವನ ತಾಯಿ ಮತ್ತು ಮೊರೀನ್ ಬಿಸ್ಕತ್ತಿನ ಕಾರ್ಖಾನೆಯಲ್ಲಿ ಒಂದೇ ಸಾಲಿನಲ್ಲಿ ನಿಂತು ಕೆಲಸ ಮಾಡಿದವರು, ಹಾಗಾಗಿ ಅವನಿಗೆ ಇವಳು ಆಂಟಿ. ಹಳೆಯದಕ್ಕೆ ಒಂದು ಗಡಿಯಾರ ಮಾತ್ರ ಇತ್ತು: ಬೆಳಿಗ್ಗೆ ಹೊತ್ತಿಕೊಳ್ಳುತ್ತಿತ್ತು, ಆರುತ್ತಿತ್ತು, ಸಂಜೆ ಮತ್ತೆ ಹೊತ್ತಿಕೊಳ್ಳುತ್ತಿತ್ತು, ಮನೆ ಬೆಚ್ಚಗಿದೆಯೋ ಇಲ್ಲವೋ ಅದಕ್ಕೆ ಬೇಕಿರಲಿಲ್ಲ. ಈಗ ಗೋಡೆಗೊಂದು ಥರ್ಮೋಸ್ಟಾಟ್ ಹಾಕಬೇಕು, ಕೋಣೆ ಸಾಕಷ್ಟು ಬೆಚ್ಚಗಾಯಿತು ಎಂದು ಅದು ಹೇಳಿದಾಗ ಬಾಯ್ಲರ್ ತಾನೇ ನಿಲ್ಲುತ್ತದೆ ಎಂದು ಯೂನುಸ್ ವಿವರಿಸಿದ. ಜೊತೆಗೆ ಬಾಯ್ಲರಿನ ಬಿಸಿನೀರು ಹರಿದು ಕೋಣೆ ಕಾಯಿಸುವ ಪ್ರತಿ ರೇಡಿಯೇಟರಿಗೂ ಅಂಕಿ ಬರೆದ ಒಂದೊಂದು ತಿರುಪು ಹಾಕಿದರೆ ಯಾವ ಕೋಣೆಗೆ ಎಷ್ಟು ಬಿಸಿ ಎಂದು ಬೇರೆಬೇರೆ ಇಟ್ಟುಕೊಳ್ಳಬಹುದು.

ಆ ಹೊತ್ತಿಗೆ ಮೊರೀನ್ ಕೂಸನ್ನು ನೋಡಲು ಆಸ್ಪತ್ರೆಗೆ ಹೋಗಿದ್ದಳು. ಆರಿಸುವ ಅಧಿಕಾರ ಟ್ರೆವರ್ ಕೈಗೆ ಬಂತು, ಅವನ ಎದೆ ಒಂದಿಷ್ಟು ಉಬ್ಬಿತು.

“ತಿರುಪು ಗಿರುಪು ಬೇಡ. ಒಂದ್ ಮನೆಗೆ ಒಬ್ಬ ಡ್ರೈವರ್ ಸಾಕು,” ಎಂದ. “ಥರ್ಮೋಸ್ಟಾಟ್ ಮಾತ್ರ ಒಳ್ಳೇದೇ ಹಾಕು. ನೋಡೋಕೆ ಚೆನ್ನಾಗಿರ್ಬೇಕು.”

ಯೂನುಸ್ ಬಿಳಿ ಗಾಜಿನ ಮುಖದ ಒಂದನ್ನು ಪೆಟ್ಟಿಗೆಯಿಂದ ತೆಗೆದು ತೋರಿಸಿದ. ಟ್ರೆವರ್‌ಗೆ ಅದು ಬಹಳ ಹಿಡಿಸಿತು.

“ಎಲ್ಲಿ ಹಾಕಲಿ ಅಂಕಲ್? ನೀವು ದಿನಾ ಕೂರೋ ಕಡೆ ಇದ್ರೆ ಒಳ್ಳೇದು.”

“ಇಂಥಾ ವಸ್ತುನ ಅಡುಗೆಮನೆ ಹಬೇಲಿ ಇಡ್ತಾರೇನಯ್ಯ? ಮುಂಗೋಣೇಲಿ ಹಾಕು. ಬಂದೋರು ನೋಡ್ಲಿ.”

ಬಂದವರು ಎಂದರೆ ಯಾರು ಎಂದು ಯೂನುಸ್ ಕೇಳಲಿಲ್ಲ. ಆ ಬೀದಿಯ ಎಲ್ಲ ಮನೆಗಳಂತೆ ಸೈಕ್ಸ್ ಮನೆಗೂ ಜನ ಬರುತ್ತಿದ್ದುದು ಹಿಂಬಾಗಿಲಿನಿಂದ, ಕೂರುತ್ತಿದ್ದುದು ಅಡುಗೆಮನೆಯಲ್ಲಿ. ಮುಂಗೋಣೆ ದೊಡ್ಡ ದಿನಗಳಿಗೆ ಮೀಸಲು. ಟ್ರೆವರ್‌ನ ತಾಯಿ ಎಡ್ನಾ ಹಾಕಿದ ಕಟ್ಟಳೆ ಅದು. ಪಾದ್ರಿ ಬಂದರೆ ಅಲ್ಲಿ, ಡಾಕ್ಟರ್ ಬಂದರೆ ಅಲ್ಲಿ, ಮದುವೆಯ ಮಾತಿಗೆ ಬೀಗರು ಬಂದರೆ ಅಲ್ಲಿ. ಪಿಂಗಾಣಿಯ ಕಪಾಟು, ಯಾರೂ ಕೂತು ತಗ್ಗಾಗದ ಸೋಫಾ, ಹೆಜ್ಜೆ ಬೀಳದ ಜಮಖಾನ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂಬಂತೆ, ಮನೆಮಂದಿಯೆಲ್ಲ ಒಂದು ಅಡುಗೆಮನೆಯಲ್ಲಿ ಮೊಣಕೈ ತಾಗಿಸಿಕೊಂಡು ಬದುಕುತ್ತಿದ್ದಾಗಲೂ ಆ ಕೋಣೆ ಖಾಲಿ ಇರುತ್ತಿತ್ತು. ಎಡ್ನಾ ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ಕಟ್ಟಳೆ ತೀರಿಕೊಂಡಿರಲಿಲ್ಲ. ಖಾಲಿ ಕೋಣೆಗೆ ಬಿಸಿ ದಂಡ ಎಂದು ಟ್ರೆವರ್ ಪ್ರತಿ ಚಳಿಗಾಲದ ಮೊದಲಲ್ಲಿ ಅಲ್ಲಿನ ರೇಡಿಯೇಟರಿನ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ ಮುಚ್ಚುತ್ತಿದ್ದ. ಆ ಸಲವೂ ಯೂನುಸ್ ಸಾಮಾನು ಕಟ್ಟಿಕೊಂಡು ಹೋದದ್ದೇ ತಡ, ಒಳಗೆ ಹೋಗಿ ಮುಚ್ಚಿದ, ಬಾಗಿಲೆಳೆದುಕೊಂಡು ಬಂದ, ಮನೆಗೆ ಒಳ್ಳೆಯದು ಮಾಡಿದೆನೆಂಬ ಸಮಾಧಾನದಲ್ಲಿ ಚಹಾ ಕುಡಿದ.

ಅಲ್ಲಿಂದ ಮುಂದೆ ಮನೆ ಮನೆಯಾಗಿ ಉಳಿಯಲಿಲ್ಲ. ಹೊಸ ಬಾಯ್ಲರ್ ಹೊತ್ತಿಕೊಂಡಿತು, ಆರಲೇ ಇಲ್ಲ. ಅಡುಗೆಮನೆಯಲ್ಲಿ ಬೆಣ್ಣೆ ತಟ್ಟೆಯಲ್ಲೇ ಕರಗಿ ನೀರಾಯಿತು. ಕೂಸಿಗೆಂದು ಅಣಿ ಮಾಡಿದ್ದ ಮೇಲಿನ ಚಿಕ್ಕ ಕೋಣೆಯೊಳಗೆ ಕಾಲಿಟ್ಟರೆ ಬ್ರೆಡ್ ಬೇಯಿಸುವ ಗೂಡಿಗೆ ಮುಖ ಕೊಟ್ಟಂತೆ. ಟ್ರೆವರ್ ಮುಂಗೋಣೆಗೆ ಹೋಗಿ ಥರ್ಮೋಸ್ಟಾಟಿನ ಅಂಕಿಯನ್ನು ಇಳಿಸಿ ಬಂದ. ಏನೂ ಆಗಲಿಲ್ಲ. ಇನ್ನೂ ಇಳಿಸಿದ. ಬಾಯ್ಲರ್ ತನ್ನ ಪಾಡಿಗೆ ಗುಂಯ್ಗುಡುತ್ತಿತ್ತು. ಕಡೆಗೆ ಕಿಟಕಿಗಳನ್ನೆಲ್ಲ ತೆರೆದಿಟ್ಟು, ಬೀದಿಗೆ ಬಿಸಿ ಹಂಚಿದ. ಊರಿಗೆ ಉಪಕಾರಿ, ಮನೆಗೆ ಮಾರಿ. ಮಲಗುವಾಗ ಬಾಯ್ಲರನ್ನು ಕೈಯಿಂದಲೇ ಆರಿಸಿದರೆ ಬೆಳಗಾಗುವುದರೊಳಗೆ ಕಿಟಕಿಯ ಒಳಗಡೆ ಹಿಮ ಕಟ್ಟುತ್ತಿತ್ತು.

ಜನೀನ್ ಬಂದದ್ದು ಇಂಥ ಒಂದು ಮಧ್ಯಾಹ್ನ. ಕೂಸಿನ ಕೋಣೆಗೆ ಹೋಗಿ, ಕೋಟು ಬಿಚ್ಚಿ, ಮಫ್ಲರ್ ಬಿಚ್ಚಿ, ತೊಟ್ಟಿಲ ಪಕ್ಕದಲ್ಲಿ ತೂಗುಹಾಕಿದ್ದ ಉಷ್ಣಮಾಪಕ ನೋಡಿದಳು.

“ಹದಿನೆಂಟು ಡಿಗ್ರಿ ಹತ್ರ ಇರಬೇಕಾದ್ದು ಇಪ್ಪತ್ತೇಳು ತೋರಿಸ್ತಿದೆ. ಇಲ್ಲಿ ಮಲಗಿಸೋಕಾಗಲ್ಲ ಮೊರೀನ್. ನಿಮಗಿದು ನಾನ್ ಹೇಳ್ಬೇಕಾಗಿಲ್ಲ.”

“ಗೊತ್ತು.”

“ಬುಧವಾರ ಆಸ್ಪತ್ರೆಯೋರು ಬಿಡ್ತಾರೆ. ಸೋಮವಾರ ಇನ್ನೊಂದ್ಸಲ ಬಂದು ನೋಡ್ತೀನಿ. ಆಗ್ಲೂ ಹೀಗೇ ಇದ್ರೆ ಸ್ಕಾರ್‌ಬರೋಗೆ ಫೋನ್ ಮಾಡದೆ ನನಗೆ ಬೇರೆ ದಾರಿ ಇಲ್ಲ.”

ಅವಳು ಹೋದ ಮೇಲೆ ಟ್ರೆವರ್ ಬಾಯ್ಲರಿಗೂ ಯೂನುಸ್‌ಗೂ ಸೇರಿಸಿ ಬೈದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಆದರೆ ಆ ಗಾದೆಯನ್ನು ಅವನ ಮುಂದೆ ಆಗ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮೊರೀನ್ ಬೈಯಲಿಲ್ಲ. ಅವಳಿಗೆ ಬಾಯ್ಲರಿನ ವಿಷಯ ತಿಳಿಯದು, ಅಳುವ ಕೂಸಿನ ವಿಷಯ ತಿಳಿದಿತ್ತು. ಕೂಸು ಸುಮ್ಮನೆ ಅಳುವುದಿಲ್ಲ. ಎಲ್ಲೋ ಏನೋ ಸಿಕ್ಕಿಲ್ಲ, ಅದು ಯಾವುದೆಂದು ಹುಡುಕುವುದಷ್ಟೇ ದೊಡ್ಡವರ ಕೆಲಸ. ಈ ಯಂತ್ರವೂ ಹಾಗೇ ಎಡೆಬಿಡದೆ ಗೋಳಿಡುತ್ತಿದೆ ಎಂದುಕೊಂಡು ಅವಳು ಅಂಗೈ ಚಾಚಿ ಕೋಣೆಯಿಂದ ಕೋಣೆಗೆ ಹೋದಳು. ಅಡುಗೆಮನೆಯ ರೇಡಿಯೇಟರ್ ಮುಟ್ಟಲಾಗಲಿಲ್ಲ. ಬಚ್ಚಲಿನದೂ ಹಾಗೇ. ಮೇಲಿನ ಎರಡೂ ಹಾಗೇ. ಕಡೆಗೆ ಮುಂಗೋಣೆಯ ಬಾಗಿಲು ತೆರೆದಳು. ಅಲ್ಲಿ ಅವಳ ಉಸಿರು ಅವಳಿಗೇ ಕಾಣಿಸಿತು.

ರೇಡಿಯೇಟರಿನ ಮೇಲೆ ಕೈ ಇಟ್ಟಳು. ಸಮಾಧಿಯ ಕಲ್ಲಿನ ಹಾಗೆ ತಣ್ಣಗಿತ್ತು. ಎದುರುಗಡೆ ಗೋಡೆಯಲ್ಲಿ ಬಿಳಿ ಗಾಜಿನ ಥರ್ಮೋಸ್ಟಾಟ್, ಅದರೊಳಗೆ ಒಂದು ಚಿಕ್ಕ ಬೆಂಕಿಯ ಚಿತ್ರ ಮಿನುಗುತ್ತಿತ್ತು.

“ಟ್ರೆವರ್,” ಎಂದು ಕೂಗಿದಳು. “ಇಲ್ ಬಾ. ನಿನ್ ಮುದ್ದಿನ ಕೂಸು ಚಳೀಲಿ ಕೂತು ಅಳ್ತಾ ಇದೆ.”

ಅವನು ಬಂದು ನಿಂತ.

“ನೋಡು. ಇದಕ್ಕೆ ಚಳಿ. ‘ಬಿಸಿ ಕಳ್ಸಿ, ಬಿಸಿ ಕಳ್ಸಿ’ ಅಂತ ಬಾಯ್ಲರಿಗೆ ಹೇಳ್ತಾ ಇದೆ. ಪಾಪ ಬಾಯ್ಲರ್ ಕಳಿಸ್ತಾನೇ ಇದೆ. ನೀನು ಇಲ್ಲಿ ನಲ್ಲಿ ಮುಚ್ಚಿದೀಯ. ಹಸಿದ ಮಗೂನ ಒಂದು ಕೋಣೇಲಿ ಕೂಡಿಹಾಕಿ, ಹಾಲನ್ನೆಲ್ಲ ಇನ್ನೊಂದು ಕೋಣೇಲಿರೋ ಮಗೂಗೆ ಹೊಟ್ಟೆ ಒಡೆಯೋ ಹಾಗೆ ಕುಡಿಸಿದ್ರೆ ಈ ಮಗು ಅಳು ನಿಲ್ಲುತ್ತಾ?”

ಟ್ರೆವರ್ ನಲ್ಲಿ ನೋಡಿದ, ಗಾಜು ನೋಡಿದ, ಮತ್ತೆ ನಲ್ಲಿ ನೋಡಿದ. ಆಮೇಲೆ ಹೋಗಿ ಯೂನುಸ್‌ಗೆ ಫೋನ್ ಮಾಡಿದ, ಈ ಸಲ ಸ್ವರ ಮೆತ್ತಗಿತ್ತು.

ಯೂನುಸ್ ಮರುದಿನ ಕೆಲಸದ ದಾರಿಯಲ್ಲೇ ಬಂದ. “ನಾನ್ ಅವತ್ತೇ ಹೇಳ್ದೆ ಅಂಕಲ್, ನೀವು ಕೂರೋ ಕಡೆ ಹಾಕೋಣ ಅಂತ.”

“ಹೇಳ್ದೆ. ಆದ್ರೆ ಜೋರಾಗಿ ಹೇಳ್ಲಿಲ್ಲ.”

“ಬಸ್ ಡ್ರೈವರ್ ಜೊತೆ ಮಾತಾಡಬಾರದು ಅಂತ ಬೋರ್ಡ್ ಇರ್ತಿತ್ತಲ್ಲ, ಅದಕ್ಕೆ.” ಯೂನುಸ್ ನಗುತ್ತ ಮೊರೀನ್ ಕಡೆ ತಿರುಗಿದ. “ಈಗ ಏನ್ ಮಾಡೋಣ ಹೇಳಿ ಆಂಟಿ. ಅದನ್ನ ಕಿತ್ತು ಅಡುಗೆಮನೆಗೆ ಹಾಕ್ತೀನಿ, ಇಲ್ಲಾ ನಡುಮನೆಗೆ ಹಾಕ್ತೀನಿ. ಮುಂಗೋಣೆ ನಿಮ್ಮಿಷ್ಟದಂಗೆ ಮುಚ್ಚೇ ಇರ್ಲಿ. ಇಲ್ಲಾಂದ್ರೆ ಫೋನಲ್ಲೇ ನಡೆಸೋ ಥರದ್ದು ಬಂದಿದೆ, ಅಂಗಡಿಗೆ ಹೋದಾಗ್ಲೂ ಅಲ್ಲಿಂದಾನೇ ಮನೆ ಬೆಚ್ಚಗೆ ಮಾಡಬಹುದು.”

ಟ್ರೆವರ್, “ಅಡುಗೆಮನೇನೇ ಸರಿ,” ಎಂದ, ಅವಸರದಲ್ಲಿ.

ಮೊರೀನ್ ಅಡುಗೆಮನೆಯ ಮೇಜಿನ ಮುಂದೆ ಕೂತು ಯೋಚಿಸಿದಳು. ಅವಸರ ಅವಳ ಜಾಯಮಾನದಲ್ಲಿ ಇರಲಿಲ್ಲ. ಕೂಸು ಕಿರುಚುತ್ತಿದ್ದಾಗಲೂ ಅವಳು ಬಾಟಲಿಯ ಹಾಲನ್ನು ಮಣಿಕಟ್ಟಿನ ಮೇಲೆ ಬಿಟ್ಟು ನೋಡಿಯೇ ಕೊಡುತ್ತಿದ್ದವಳು.

“ಅಡುಗೆಮನೇಲಿ ನಾನು ಒಲೆ ಹಚ್ಚಿದ ಕೂಡ್ಲೆ ಇದು ಇಡೀ ಮನೆ ಬೆಚ್ಚಗಾಯ್ತು ಅಂದ್ಕೊಂಡು ಬಾಯ್ಲರ್ ನಿಲ್ಸುತ್ತೆ. ಮೇಲೆ ಮಗು ನಡುಗುತ್ತೆ. ಬೇಡ,” ಎಂದಳು. “ನಡುಮನೇಲಿ ಬಾಗ್ಲು ತೆಗೆದಾಗೆಲ್ಲ ಗಾಳಿ. ಅದೂ ಬೇಡ. ಇನ್ನು ಫೋನು. ಕೂಸಿಟ್ಕೊಂಡು ಮನೇಲೇ ಕೂತಿರೋಳು ನಾನು, ದೂರದಿಂದ ಬಿಸಿ ಮಾಡೋ ಯಂತ್ರ ನಂಗ್ಯಾಕೆ? ಕೈಗೆ ಸಿಗೋ ಕಡೆ ಒಂದು ಗುಂಡಿ ಇದ್ರೆ ಸಾಕು. ಇದು ಎಲ್ಲಿದ್ಯೋ ಅಲ್ಲೇ ಇರ್ಲಿ ಯೂನುಸ್. ಮಿಕ್ಕ ರೇಡಿಯೇಟರಿಗೆಲ್ಲ ನೀನು ಹೇಳಿದ ತಿರುಪು ಹಾಕು, ಮಗು ಕೋಣೆಗೆ ಮೊದ್ಲು ಹಾಕು.”

“ಹಾಕ್ತೀನಿ. ನೀರಿನ ಬಿಸೀನೂ ಸ್ವಲ್ಪ ಇಳಿಸ್ತೀನಿ. ಕುದಿಸಿ ಕುದಿಸಿ ನಿಲ್ಸೋ ಬದ್ಲು ಹದವಾಗಿ ಹರೀತಾ ಇದ್ರೆ ಗ್ಯಾಸೂ ಕಡಿಮೆ, ಬಿಸೀನೂ ಒಂದೇ ಸಮ. ಆದ್ರೆ ಆಂಟಿ, ಅದು ಅಲ್ಲೇ ಇದ್ರೆ ಮುಂಗೋಣೆ ರೇಡಿಯೇಟರ್ ಪೂರ್ತಿ ತೆರೆದಿರಬೇಕು. ಯಾವಾಗ್ಲೂ.”

“ತೆರೆದಿರುತ್ತೆ. ನಾವು ಅಲ್ಲೇ ಇರ್ತೀವಿ.”

ಟ್ರೆವರ್‌ಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. “ಅಲ್ಲೇ ಅಂದ್ರೆ? ಅಮ್ಮನ ಕೋಣೇಲಾ?”

“ಹೂಂ.”

“ದಿನಾ? ಬಾಟ್ಲಿ, ಬಟ್ಟೆ, ಎಲ್ಲಾ ಇಟ್ಕೊಂಡು? ಅಮ್ಮ ಆ ಸೋಫಾ ಮೇಲೆ ನನ್ನನ್ನೇ ಕೂರೋಕೆ ಬಿಡ್ತಿರ್ಲಿಲ್ಲ ಕಣೇ. ಅಪ್ಪ ತೀರ್ಕೊಂಡಾಗ ಅಲ್ಲೇ ಮಲಗಿಸಿದ್ವಿ. ಅವಳನ್ನೂ ಕಡೇಲಿ ಅಲ್ಲೇ ಮಲಗಿಸಿದ್ವಿ.”

ಯೂನುಸ್ ಏನೋ ಉಪಕರಣ ತರುವ ನೆಪದಲ್ಲಿ ಗಾಡಿಯ ಕಡೆ ಹೋದ. ಮೊರೀನ್ ಗಂಡನ ಕೈ ಹಿಡಿದುಕೊಂಡಳು. ಅತ್ತೆಯ ಮೇಲೆ ಅವಳು ಅವನ ಮುಂದೆ ಒಂದು ದಿನವೂ ದೂರು ಹೇಳಿದವಳಲ್ಲ, ಆಗಲೂ ಹೇಳಲಿಲ್ಲ.

“ಟ್ರೆವರ್, ಇಷ್ಟು ಕೂಸುಗಳು ಬಂದ್ವು, ಹೋದ್ವು. ಒಂದನ್ನೂ ನಾನು ಆ ಕೋಣೆಗೆ ಎತ್ಕೊಂಡು ಹೋಗಿಲ್ಲ. ಅವರಮ್ಮಂದಿರು ಬಂದ್ರೆ ಇಲ್ಲೇ, ಪಾತ್ರೆ ತೊಳೆಯೋ ತೊಟ್ಟಿ ಪಕ್ಕ ಕೂರಿಸಿದೀನಿ. ಸತ್ತೋರಿಗೆ ಆ ಕೋಣೇಲಿ ಜಾಗ ಕೊಟ್ವಿ. ಹುಟ್ಟಿದೋರಿಗೆ ಕೊಡ್ಲಿಲ್ಲ. ನಂಗೆ ಅದು ಇವತ್ತಲ್ಲ, ಎಷ್ಟೋ ವರ್ಷದಿಂದ ಚುಚ್ತಾ ಇದೆ.”

ಟ್ರೆವರ್ ಕೈ ಬಿಡಿಸಿಕೊಂಡು ಎದ್ದು ಹೊರಗೆ ಹೋದ. ಅವನು ಹಿತ್ತಲಿಗೆ ಹೋಗಿ ಸಿಗರೇಟು ಸೇದುತ್ತಾನೆ, ಇನ್ನು ಊಟದ ತನಕ ಮಾತಿಲ್ಲ ಎಂದು ಮೊರೀನ್ ಅಂದುಕೊಂಡಳು. ಆದರೆ ಮುಂಗೋಣೆಯ ಕಡೆಯಿಂದ ಪಿಂಗಾಣಿ ಕಿಣಿಕಿಣಿ ಎಂದ ಸದ್ದು ಬಂತು. ಹೋಗಿ ನೋಡಿದರೆ ಅವನು ಕಪಾಟನ್ನು ಇಂಚಿಂಚಾಗಿ ಸರಿಸುತ್ತಿದ್ದ. ರೇಡಿಯೇಟರಿನ ಎದುರು ಜಾಗ ಬಿಟ್ಟುಕೊಂಡು, ಮಂಡಿಯೂರಿ, ನೋವಿಗೆ ನರಳಿ, ನಲ್ಲಿ ತಿರುಗಿಸಿದ. ಕೊಳವೆಗಳೊಳಗೆ ನೀರು ಗಳಗಳ ಎಂದು ಓಡಿಬಂತು.

“ತೊಟ್ಟಿಲು ಕಿಟಕಿ ಹತ್ರ ಬೇಡ, ಗಾಳಿ ಬರುತ್ತೆ,” ಎಂದ, ತಲೆ ಎತ್ತದೆ. “ಈ ಮೂಲೇಲಿ ಇಡೋಣ, ಹಗಲು ಹೊತ್ತು.”

ಮೊರೀನ್‌ಗೆ ಅವನ ಬೋಳುತಲೆಗೆ ಮುತ್ತಿಡಬೇಕೆನಿಸಿತು, ಇಟ್ಟಳು. ಯೂನುಸ್ ಒಳಗೆ ಬಂದವನು ಮತ್ತೆ ಗಾಡಿಗೆ ಹೋದ.

ಅಂದು ಸಂಜೆ, ಯೂನುಸ್ ತಿರುಪುಗಳನ್ನೆಲ್ಲ ಹಾಕಿ ಹೋದ ಮೇಲೆ, ಇಬ್ಬರೂ ಬಟಾಣಿ, ಆಲೂಗಡ್ಡೆ, ಹುರಿದ ಮೀನು ತಟ್ಟೆಗೆ ಹಾಕಿಕೊಂಡು ಎಡ್ನಾಳ ಸೋಫಾದ ತುದಿಯಲ್ಲಿ ಕಳ್ಳರ ಹಾಗೆ ಕೂತರು. ತಿನ್ನುತ್ತಿದ್ದ ಟ್ರೆವರ್ ಇದ್ದಕ್ಕಿದ್ದಂತೆ ಫೋರ್ಕನ್ನು ಕೆಳಗಿಟ್ಟ. ಅಡುಗೆಮನೆಯ ಕಡೆಯಿಂದ ಬರುತ್ತಿದ್ದ ಗುಂಯ್ ಸದ್ದು ನಿಂತಿತ್ತು. ಬಾಯ್ಲರ್ ತಾನಾಗಿಯೇ ಸುಮ್ಮನಾಗಿತ್ತು.

“ಹಾಲು ಕುಡಿದು ಮಲಗ್ತು,” ಎಂದಳು ಮೊರೀನ್.

ಸೋಮವಾರ ಜನೀನ್ ಬಂದಾಗ ಕೂಸಿನ ಕೋಣೆ ಹದಿನೆಂಟರಲ್ಲಿತ್ತು, ಅವಳು ಚಹಾ ಕುಡಿದು ಮುಗಿಸಿ ಮತ್ತೆ ಹೋಗಿ ನೋಡಿದಾಗಲೂ ಹದಿನೆಂಟರಲ್ಲೇ ಇತ್ತು. ಸ್ಕಾರ್‌ಬರೋಗೆ ಫೋನ್ ಹೋಗಲಿಲ್ಲ. ಬುಧವಾರ ಕೂಸು ಬಂತು. ಟವಲಿನಲ್ಲಿ ಸುತ್ತಿದ ಒಂದು ಪೊಟ್ಟಣದಷ್ಟಿತ್ತು, ಉಣ್ಣೆಯ ಟೋಪಿ ಹುಬ್ಬಿನ ತನಕ ಇಳಿದಿತ್ತು. ಮೊರೀನ್ ಎರಡು ಬೆರಳು ಅದರ ಕುತ್ತಿಗೆಯ ಹಿಂಭಾಗಕ್ಕೆ ಇಟ್ಟು ನೋಡಿ, ಸರಿಯಾಗಿದೆ ಎಂದು ತಲೆ ಆಡಿಸಿದಳು.

ಷೆಲ್ಬಿ ಮರುದಿನ ಮಧ್ಯಾಹ್ನ ತುಂತುರು ಮಳೆಯಲ್ಲಿ ನಡೆದು ಬಂದಳು. ಟ್ರೆವರ್ ಬಾಗಿಲು ತೆರೆದು ಅವಳನ್ನು ಮುಂಗೋಣೆಗೆ ಕರೆದುಕೊಂಡು ಹೋದ. ಅವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಜಮಖಾನ ನೋಡಿದಳು, ಪಿಂಗಾಣಿ ನೋಡಿದಳು, ತನ್ನ ಒದ್ದೆ ಬೂಟು ನೋಡಿಕೊಂಡಳು.

“ನಾನು ಅಡುಗೆಮನೇಲೇ ಕೂತ್ಕೋತೀನಿ ಮಿಸ್ಟರ್ ಸೈಕ್ಸ್. ಇಲ್ಲಿ ಗಲೀಜಾಗುತ್ತೆ.”

ಟ್ರೆವರ್ ಸೋಫಾದ ಕಡೆ ಕೈ ತೋರಿಸಿದ. “ನಮ್ಮಮ್ಮ ಈ ಕೋಣೇನ ದೊಡ್ಡೋರು ಬಂದ್ರೆ ಕೂರ್ಸೋಕೆ ಅಂತ ಇಟ್ಟಿದ್ಲು ತಾಯಿ. ಯಾರು ಬರ್ತಾರೆ ಅಂತ ಇಷ್ಟು ವರ್ಷ ಕಾದಿದ್ವಿ. ಬಾ, ಕೂತ್ಕೋ.”

ಅವಳು ಸೋಫಾದ ಅಂಚಿಗೆ ಕೂತಳು. ಮಳೆಗೆ ನೆನೆದ ಅವಳ ಕೆಂಗೂದಲು ಕೆನ್ನೆಗೆ ಅಂಟಿಕೊಂಡಿತ್ತು. ಮೊರೀನ್ ತೊಟ್ಟಿಲಿನಿಂದ ಮಗುವನ್ನೆತ್ತಿ ಅವಳ ತೋಳಿಗೆ ಕೊಟ್ಟು, ಮೊಣಕೈ ಹೇಗಿರಬೇಕೆಂದು ತೋರಿಸಿ, ಪಕ್ಕದಲ್ಲೇ ಕೂತಳು. ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆ ಇತ್ತು, ನಳಿಕೆಗಳಿದ್ದವು, ಯಾವಾಗಲೂ ಆ ಟೋಪಿ ಇತ್ತು. ಷೆಲ್ಬಿ ಮಗುವಿನ ಮುಖವನ್ನು ಬಹಳ ಹೊತ್ತು ನೋಡಿದಳು.

“ಟೋಪಿ ತೆಗೀಬಹುದಾ? ಚಳಿ ಆಗಲ್ವಾ ಅವನಿಗೆ?”

“ತೆಗಿ ಮಗಳೇ. ಈ ಮನೇಲಿ ಅದು ಬೇಡ.”

ಷೆಲ್ಬಿ ಟೋಪಿಯನ್ನು ಒಂದು ಬೆರಳಿನಿಂದ ಮೆಲ್ಲನೆ ಹಿಂದಕ್ಕೆ ಸರಿಸಿದಳು. ಒಳಗೆ ನಯವಾದ ಕೂದಲು, ಬೆವರಿಗೆ ನೆತ್ತಿಗೆ ಅಂಟಿಕೊಂಡಿತ್ತು.

“ಕೆಂಪಗಿದೆ,” ಎಂದಳು ಅವಳು. “ನನ್ ಥರಾನೇ.”

“ಹೂಂ,” ಎಂದಳು ಮೊರೀನ್. “ನಿನ್ ಥರಾನೇ.”